ಕಿವುಡು ರೆಕ್ಕೆ

ಲಿಯೋನಿ ವಾಸ್ಸರ್ ನಮ್ಮೂರಿನ ಚರ್ಚಿನಲ್ಲಿ ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಕೂತವಳು. ಪೂಜೆಯ ನಡುವೆಯೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮುಂದಿನ ಬೆಂಚಿನ ಹಲಗೆಯನ್ನು ಉಗುರಿನಿಂದ ಒಮ್ಮೆ ಚಿಮ್ಮಿ, ತಲೆ ಓರೆ ಮಾಡಿ ಕೇಳುತ್ತಿದ್ದಳು. ಅದು ಅವಳಿಗೆ ಕಸುಬಿನಿಂದ ಅಂಟಿದ ಚಾಳಿ.

ಊರಾಚೆ ಗೋಧಿ ಹೊಲಗಳ ನಡುವಿನ ಸೈನ್ಯದ ವಿಮಾನ ನಿಲ್ದಾಣದಲ್ಲಿ ಅವಳಿಗೆ ರೆಕ್ಕೆ ಹೊಲಿಯುವ ಕೆಲಸ. ಅಲ್ಲಿದ್ದ ಬಾಂಬ್ ವಿಮಾನಗಳಿಗೆ ಒಂದರ ಮೇಲೊಂದು ಎರಡೆರಡು ರೆಕ್ಕೆ; ಮರದ ಎಲುಬಿನ ಮೇಲೆ ನಾರುಬಟ್ಟೆ ಬಿಗಿದು ಹೊಲಿದದ್ದು. ಅವು ಹೊಸದಾಗಿ ಬಂದಾಗ ಊರಿನ ಗಂಡಸರು ಟೋಪಿ ತೆಗೆದು ನೋಡಿದ್ದರು. ಸಾವಿರದ ಒಂಬೈನೂರ ಮೂವತ್ತಾರರ ಹೊತ್ತಿಗೆ ಗಡಿಯಾಚೆ ಲೋಹದ ವಿಮಾನಗಳು ಹಾರುತ್ತಿದ್ದವು. ನಮ್ಮಲ್ಲಿ ಇನ್ನೂ ತೇಪೆ ಹಾಕುತ್ತಿದ್ದರು.

ಬಟ್ಟೆಯ ಮೇಲೆ ಬಾಳೆಹಣ್ಣಿನ ವಾಸನೆಯ ವಾರ್ನಿಷ್ ಬಳಿದರೆ ಅದು ಒಣಗುತ್ತಾ ತಮಟೆಯಂತೆ ಬಿಗಿಯುತ್ತದೆ. ಉಗುರಿನಿಂದ ಚಿಮ್ಮಿದಾಗ ಠಣ್ ಎಂದರೆ ರೆಕ್ಕೆ ಮಾತಾಡಿತು ಎನ್ನುತ್ತಿದ್ದರು. ಬಿಸಿಲು ಮಳೆಗೆ ಬಟ್ಟೆ ಸತ್ತಿದ್ದರೆ ದಬ್ ಎನ್ನುತ್ತಿತ್ತು. ಅಂಥ ರೆಕ್ಕೆಗೆ ಹೊಲಿಯುವ ಹೆಂಗಸರು ಇಟ್ಟ ಹೆಸರು ಕಿವುಡು. ಸೀಮೆಸುಣ್ಣದಲ್ಲಿ ಆ ಪದ ಬರೆದಿಟ್ಟರೆ ಬಟ್ಟೆ ಪೂರ್ತಿ ಕಿತ್ತು ಹೊಸದು ಹಾಕಬೇಕು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ, ಶೆಡ್ಡಿನ ರೂಢಿ ಅಷ್ಟೆ.

ಲಿಯೋನಿಯ ಗಂಡ ಅನ್ಸೆಲ್ಮ್ ಏಳನೇ ನಂಬರಿನ ವಿಮಾನದಲ್ಲಿ ಹಿಂಬದಿಯ ಸೀಟಿನ ಬಂದೂಕಿನವನು. ಹಾರುವ ಮುನ್ನ ಪ್ರತಿಸಲ ಶೆಡ್ಡಿನ ಬಾಗಿಲಿಗೆ ಬಂದು ಕೂಗುತ್ತಿದ್ದ.

"ಏನೇ, ನಿನ್ನ ಸವತಿ ಮಾತಾಡ್ತಾಳಾ ಇವತ್ತು?"

"ನನಗಿಂತ ಚೆನ್ನಾಗಿ ಮಾತಾಡ್ತಾಳೆ. ಹೋಗು, ಅವಳ ಜೊತೆನೇ ಸಂಸಾರ ಮಾಡು."

ಅವಳು ಚಿಮ್ಮಿ ನೋಡದೆ ಅವನು ಎಂದೂ ಹತ್ತಿದವನಲ್ಲ.

ಆ ವರ್ಷ ಜುಲೈ ಹದಿನಾಲ್ಕರ ರಾಷ್ಟ್ರೀಯ ಹಬ್ಬಕ್ಕೆ ಹನ್ನೆರಡು ವಿಮಾನಗಳು ಊರ ಮೇಲೆ ಹಾರಬೇಕೆಂದು ಆದೇಶ ಬಂತು. ಇದ್ದದ್ದೇ ಹನ್ನೆರಡು. ಹಬ್ಬಕ್ಕೆ ಐದು ದಿನ ಇರುವಾಗ ಲಿಯೋನಿ ಏಳನೆಯದರ ಮೇಲಿನ ರೆಕ್ಕೆಗೆ ಚಿಮ್ಮಿದಳು. ದಬ್ ಎಂದಿತು. ಕಿವುಡು ಎಂದು ದೊಡ್ಡದಾಗಿ ಬರೆದಳು.

ಮೇಸ್ತ್ರಿ ತುರ್ಪಾನ್ ಓಡಿ ಬಂದ. "ಯಾರಮ್ಮ ಇದನ್ನ ಬರೆದಿದ್ದು?"

"ನಾನೇ. ಬಟ್ಟೆ ಸತ್ತಿದೆ ಮೇಸ್ತ್ರಿಗಳೇ. ಬೇಕಾದ್ರೆ ಹೆಬ್ಬೆರಳು ಒತ್ತಿ ನೋಡಿ."

"ಕಿತ್ತು ಹೊಲಿಯೋಕೆ ಎಷ್ಟು ದಿನ?"

"ಹತ್ತಾದ್ರೂ ಬೇಕು."

"ಹನ್ನೊಂದೇ ಹಾರಿಸಿದ್ರೆ ಕರ್ನಲ್ ಸಾಹೇಬ್ರು ನನ್ನ ಚರ್ಮ ಸುಲಿದು ರೆಕ್ಕೆಗೆ ಹೊದಿಸ್ತಾರೆ."

"ಹೊದಿಸ್ಲಿ ಬಿಡಿ. ಈ ಬಟ್ಟೆಗಿಂತ ನಿಮ್ಮ ಚರ್ಮ ದಪ್ಪ ಇದೆ."

ಹೆಂಗಸರೆಲ್ಲ ನಕ್ಕರು. ತುರ್ಪಾನನೂ ನಕ್ಕ. ನಗುತ್ತಲೇ ಅಂಗಿಯ ತೋಳಿನಿಂದ ಆ ಪದವನ್ನು ಒರೆಸಿದ. ಮರುದಿನ ರೆಕ್ಕೆಗೆ ಎರಡು ಸಲ ವಾರ್ನಿಷ್ ಹೊಡೆಸಿ, ಮೇಲೆ ಬೆಳ್ಳಿ ಬಣ್ಣ ಬಳಿಸಿದ.

ಮನೆಯಲ್ಲಿ ಲಿಯೋನಿ ಗಂಡನಿಗೆ ಹೇಳಿದಳು, "ಅವತ್ತು ಹೊಟ್ಟೆನೋವು ಅಂದ್ಬಿಡು."

"ನಾನು ಹೊಟ್ಟೆನೋವು ಅಂದ್ರೆ ಆ ಜಾಗದಲ್ಲಿ ಇನ್ನೊಬ್ಬ ಕೂರ್ತಾನೆ. ಬೆಳಿಗ್ಗೆ ನೀನೇ ಚಿಮ್ಮಿ ನೋಡು. ನೀನು ಕಿವುಡು ಅಂದ್ರೆ ಹತ್ತಲ್ಲ, ಜೈಲಿಗೆ ಬೇಕಾದ್ರೂ ಹಾಕ್ಲಿ."

ಹಬ್ಬದ ಬೆಳಿಗ್ಗೆ ಅವಳು ಏಣಿ ಹತ್ತಿದಳು. ಅವನು ಕೆಳಗೆ ಕಾಯುತ್ತ ನಿಂತಿದ್ದ. ಚಿಮ್ಮಿದಳು. ರೆಕ್ಕೆ ಠಣ್ ಎಂದಿತು.

ಹೊಸ ವಾರ್ನಿಷ್ ಸತ್ತ ಬಟ್ಟೆಯನ್ನೂ ನಾಲ್ಕು ದಿನ ಎಳೆದು ಹಿಡಿಯುತ್ತದೆ, ಮಾತಾಡಿಸುತ್ತದೆ. ಆ ಶೆಡ್ಡಿನಲ್ಲಿ ಹನ್ನೊಂದು ವರ್ಷ ಹೊಲಿದವಳಿಗೆ ಇದು ಗೊತ್ತಿತ್ತು. ಆದರೂ ಅವಳು ಇನ್ನೊಮ್ಮೆ ಚಿಮ್ಮಿ ಕೇಳಿ, ಏಣಿ ಇಳಿದಳು.

"ಮಾತಾಡ್ತಾಳೆ," ಎಂದಳು.

ಅವಳ ಮೂಗಿನ ತುದಿಗೆ ಹತ್ತಿದ್ದ ಬೆಳ್ಳಿ ಬಣ್ಣವನ್ನು ಅನ್ಸೆಲ್ಮ್ ಹೆಬ್ಬೆರಳಿನಿಂದ ಒರೆಸಿ ವಿಮಾನ ಹತ್ತಿದ.

ನಾವೆಲ್ಲ ಚರ್ಚಿನ ಮುಂದಿನ ಚೌಕದಲ್ಲಿ ನಿಂತು ನೋಡುತ್ತಿದ್ದೆವು. ಏಳನೆಯದರ ಮೇಲಿನ ರೆಕ್ಕೆಯಿಂದ ಬಟ್ಟೆ ಈರುಳ್ಳಿ ಸಿಪ್ಪೆಯಂತೆ ಸುಲಿದುಕೊಂಡು ಹೋಯಿತು. ವಿಮಾನ ಹೊಲದಲ್ಲಿ ಬಿತ್ತು. ಒಳಗಿದ್ದ ನಾಲ್ಕು ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಉಳಿದ ಹನ್ನೊಂದು ತಮ್ಮ ಸುತ್ತು ಮುಗಿಸಿದವು. ಚೌಕದ ಬ್ಯಾಂಡಿನವರು ತಲೆ ಎತ್ತದೆ ಸ್ವರದ ಕಾಗದ ನೋಡಿ ನುಡಿಸುತ್ತಿದ್ದುದರಿಂದ ವಾದ್ಯವೂ ನಿಲ್ಲಲಿಲ್ಲ.

ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ಲಿಯೋನಿ ಸೀಮೆಸುಣ್ಣದ ಮಾತು ಹೇಳಿದಳು.

"ಕಿವುಡು ಅನ್ನೋ ಪದ ನಿಯಮಾವಳಿಯಲ್ಲಿ ಎಲ್ಲಿದೆಯಮ್ಮ?"

"ಎಲ್ಲೂ ಇಲ್ಲ ಸಾಹೇಬ್ರೇ."

ಅಂಥ ಬರಹ ತಾನು ನೋಡೇ ಇಲ್ಲವೆಂದ ತುರ್ಪಾನ್. ಅವತ್ತು ನಕ್ಕ ಹೆಂಗಸರು ತಮ್ಮ ಪಾದ ನೋಡುತ್ತ ನಿಂತರು.

"ಹಾರೋ ಮುಂಚೆ ನೀವೇ ರೆಕ್ಕೆ ಪರೀಕ್ಷೆ ಮಾಡಿದ್ರಂತೆ?"

"ಮಾಡಿದೆ."

"ಹೇಗಿತ್ತು?"

ಸುಳ್ಳು ಹೇಳಬಹುದಿತ್ತು. ಅವಳು ಹಿಂದಿನ ದಿನವಷ್ಟೇ ಪಾಪನಿವೇದನೆಗೆ ಮಂಡಿಯೂರಿ ಬಂದವಳು. "ಚೆನ್ನಾಗಿ ಮಾತಾಡ್ತು," ಎಂದಳು.

ಗುಮಾಸ್ತ ಅದನ್ನೇ ಬರೆದುಕೊಂಡ: ಹೊಲಿಗೆಯವಳು, ಮೃತನ ಹೆಂಡತಿ, ರೆಕ್ಕೆ ಸರಿಯಿತ್ತೆಂದು ಹೇಳಿದ್ದಾಳೆ. ಕೆಳಗೆ ಅವಳ ಸಹಿ ಹಾಕಿಸಿದರು. ಕಡತ ಮುಚ್ಚಿತು. ಆ ಚಳಿಗಾಲ ಶೆಡ್ಡಿನ ಗೋಡೆಗೆ ಅಚ್ಚಾದ ಸೂಚನೆ ಬಂತು: ರೆಕ್ಕೆಗಳ ಮೇಲೆ 'ಕಿವುಡು' ಎಂದಾಗಲಿ ಬೇರೇನೇ ಆಗಲಿ ಸೀಮೆಸುಣ್ಣದಲ್ಲಿ ಬರೆಯತಕ್ಕದ್ದಲ್ಲ. ಹೀಗೆ ಆ ಪದ ಕೊನೆಗೂ ನಿಯಮದೊಳಗೆ ಸೇರಿತು. ಅವಳು ಅದರ ಕೆಳಗೇ ಕೂತು ಇನ್ನೂ ಮೂರೂವರೆ ವರ್ಷ ಹೊಲಿದಳು.

ನಲವತ್ತರ ಜೂನಿನಲ್ಲಿ ಜರ್ಮನರು ಬರುವ ಮುನ್ನ, ಹುಲ್ಲಿನಲ್ಲಿ ನಿಂತೇ ಇದ್ದ ಆ ವಿಮಾನಗಳಿಗೆ ನಮ್ಮ ಸೈನಿಕರೇ ಬೆಂಕಿ ಇಟ್ಟರು. ಹೊಗೆ ಚರ್ಚಿನ ಬಾಗಿಲವರೆಗೂ ಬಂತು. ಅಂದು ಬೆಂಚಿನಲ್ಲಿ ಅವಳು ಮೊದಲ ಸಲ ನನಗೆ ಏಣಿಯ ಮೇಲಿನ ಆ ಗಳಿಗೆಯ ವಿಷಯ ಹೇಳಿದಳು. ಸಮಾಧಾನಕ್ಕೆಂದು ನಾನು ಅಂದೆ, "ನಿನಗೆಲ್ಲಿ ಗೊತ್ತಿತ್ತು ಲಿಯೋನಿ? ದೇವರು ಬಲ್ಲ."

"ಗೊತ್ತಿತ್ತು ಕಣೇ," ಎಂದಳು. "ದೇವರು ಬಲ್ಲದ್ದೂ ಅದನ್ನೇ."