ಕುಬಸದ ಸೀರೆಯ ಘಡಿ ಮುರಿದವಳು

ಕೇಳ್ರಿ ಗೆಳತಿಯರೇ, ಇವತ್ತು ಗದಗದಲ್ಲಿ ಲಸಿಕೆ ಹಾಕಿಸಿಕೊಂಡ ನನ್ನ ನಾಲ್ಕು ತಿಂಗಳ ಮಗಳು ಲಕ್ಷ್ಮೇಶ್ವರದ ಬಸ್ಸಿನಲ್ಲಿ ಒಂದೇ ಸಮನೆ ಚೀರುತ್ತಿದ್ದಳು. ಮೂರು ದಿನದಿಂದ ನಿದ್ದೆಗೆಟ್ಟ ನನಗೂ ಅಳು ಬರುವುದೊಂದೇ ಬಾಕಿ. ಪಕ್ಕದಲ್ಲಿದ್ದ ಬೆಟಗೇರಿಯ ಅಜ್ಜಿ ಚೀಲದಿಂದ ಕೈಮಗ್ಗದ ಸೀರೆ ತೆಗೆದು, ಸೀಟಿನ ಕಂಬಿಗಳಿಗೆ ಜೋಲಿ ಕಟ್ಟಿಯೇಬಿಟ್ಟರು.

"ತೊಳದದ್ದೇನ್ರಿ ಅಜ್ಜಿ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

"ಹೊಸಾದವಾ, ಇನ್ನೂ ಯಾರೂ ಉಟ್ಟು ಘಡಿ ಮುರದಿಲ್ಲ. ಬಸುರಿ ಮಗಳ ಕುಬಸಕ್ಕಂತ ನಮ್ಮ ಮನ್ಯಾಗ ನೇಯ್ದದ್ದು."

ಕಂಡಕ್ಟರ್ ಬಂದ. "ಏನಬೇ ಯವ್ವಾ, ಬಸ್ಸಿನ್ಯಾಗ ತೊಟ್ಲಾ ಕಟ್ಟೀ?"

"ಯಾಕಪಾ, ತೊಟ್ಲಕ್ಕೂ ಟಿಕೆಟ್ ಹರೀತಿಯೇನು?"

ಅವನು ನಕ್ಕ. ಆಮೇಲೆ ಸೀಟಿ ಊದದೆ ಕೈಸನ್ನೆಯಲ್ಲೇ ಬಸ್ಸು ಬಿಡಿಸಿದ.

ಜೋಲಿಯಲ್ಲಿ ಮಗಳು ಮಲಗಿದಳು, ನಾನೂ ಮಲಗಿದೆ. ಲಕ್ಷ್ಮೇಶ್ವರದಲ್ಲಿ ಅಜ್ಜಿ ಎಬ್ಬಿಸಿದಾಗ ಅವರ ಒಂದು ಕೈ ಇನ್ನೂ ಜೋಲಿ ತೂಗುತ್ತಿತ್ತು. ಸೀರೆ ಮಾತ್ರ ಪೂರ್ತಿ ಒದ್ದೆ!

"ಅಯ್ಯೋ ಅಜ್ಜಿ, ಕುಬಸದ ಸೀರಿ!"

"ಇರಲಿ ಬಿಡವಾ. ಬಸುರಿ ಉಡೋ ಸೀರಿ ಘಡಿ ಕೂಸ ಮುರದೈತಿ. ಇದಕ್ಕಿಂತ ಚಲೋ ಶಕುನ ಎಲ್ಲೈತಿ?"

ತೊಳೆದ ಸೀರೆಯೇ ಎಂದು ಕೇಳಿದವಳು ನಾನು. ಅದನ್ನು ತೊಳೆಯಲೇಬೇಕಾದ ಹಾಗೆ ಮಾಡಿದವಳು ನನ್ನ ಮಗಳು.