ಅಲಾರಮ್‌ಗೆ ಹೊಲಿದ ಅಂಗಿ

ಅವಳ ನಿಜವಾದ ಹೆಸರು ಆ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ದೇವರೇ ಬಲ್ಲ. ಎಲ್ಲರಿಗೂ ಅವಳು ಕವರಮ್ಮ. ಸ್ಕೂಟರಿಗೆ ಕವರು, ಫ್ರಿಜ್ಜಿಗೆ ಕವರು, ನೀರಿನ ಮೋಟರಿಗೆ ಕವರು, ಕುರ್ಚಿಗೆ, ತಬಲಾಗೆ, ಟಿವಿ ರಿಮೋಟಿಗೆ ಕೂಡ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಸ್ಸು ಓಡಿಸಿ ನಿವೃತ್ತನಾದ ಗಂಡ ಹೊಸಬರು ಬಂದಾಗಲೆಲ್ಲ ಎಚ್ಚರಿಸುತ್ತಿದ್ದ: "ಇಲ್ಲಿ ಅಲ್ಲಾಡದೆ ನಿಲ್ಲಬೇಡಿ ಸ್ವಾಮಿ. ಅಳತೆ ತಗೊಂಡುಬಿಡ್ತಾಳೆ."

ಕೆಲಸದಲ್ಲಿ ಮಾತ್ರ ಅವಳನ್ನು ಎತ್ತಿ ಆಡುವ ಹಾಗಿರಲಿಲ್ಲ. ಗಿರಾಕಿ ಅನುಮಾನದಿಂದ ನೋಡಿದರೆ ಸಾಕು, ರೆಕ್ಸಿನ್ ತುಂಡೊಂದನ್ನು ಬಾಯಿಗೆ ಒತ್ತಿ ಹಿಡಿದು, ಕೆನ್ನೆ ಉಬ್ಬಿಸಿ, ಮುಖ ಕೆಂಪಾಗುವಷ್ಟು ಊದುವಳು. ಗಿರಾಕಿ ಆಚೆ ಬದಿಗೆ ಕೈ ಹಿಡಿಯಬೇಕು. "ಏನಾದ್ರೂ ತಾಗ್ತಾ? ಇಲ್ಲ ತಾನೇ? ಉಸಿರೇ ದಾಟಲ್ಲ ಅಂದ್ಮೇಲೆ ನೀರು, ಧೂಳು ಎಲ್ಲಿ ದಾಟುತ್ತೆ?" ಅಲ್ಲಿಗೆ ವ್ಯಾಪಾರ ಕುದುರಿತು. ಈ ಊದುವ ಪರೀಕ್ಷೆಯ ಬಗ್ಗೆ ಅವಳಿಗೆ ಸಣ್ಣ ಜಂಬವೂ ಇತ್ತು, ಇರಬೇಕಾದದ್ದೇ.

ಜಗತ್ತನ್ನೆಲ್ಲ ಮುಚ್ಚಿಡುವ ಈ ಹೆಂಗಸು ಒಂದು ವಿಷಯದಲ್ಲಿ ಮಾತ್ರ ತದ್ವಿರುದ್ಧ. ಬೆಂಕಿ ಉರಿಯುವ ಕೋಣೆಯಲ್ಲಿ ಕಿಟಕಿ ಹಾಕಿದ್ದರೆ ಎದ್ದು ಹೋಗಿ ತೆರೆದೇ ತೀರುತ್ತಿದ್ದಳು. ಅವಳಿಗೆ ಇನ್ನೂ ಮದುವೆಯಾಗದ ಕಾಲದಲ್ಲಿ ಅಕ್ಕನಿಗೆ ಕೆಮ್ಮು ಹತ್ತಿತ್ತು. ಚಳಿ ತಾಗದಿರಲಿ ಎಂದು ಅಮ್ಮ ಸಣ್ಣ ಕೋಣೆಯಲ್ಲಿ ಇದ್ದಿಲಿನ ಕುಂಡ ಇಟ್ಟು, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ, ಬಾಗಿಲು ಎಳೆದುಕೊಂಡಳು. ಮಲಗಿದ ಅಕ್ಕ ಏಳಲಿಲ್ಲ. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಕೆನ್ನೆ ಕೆಂಪಗೆ, ಆರೋಗ್ಯವಂತಳ ಕೆನ್ನೆಯ ಹಾಗೇ ಇತ್ತು. ಆ ಕೆಂಪನ್ನು ನೋಡಿ ಅಕ್ಕ ಗುಣವಾದಳು ಎಂದು ತಾನು ಒಂದು ಗಳಿಗೆ ಖುಷಿಪಟ್ಟಿದ್ದನ್ನು ಕವರಮ್ಮ ಯಾರಿಗೂ ಹೇಳಿರಲಿಲ್ಲ. ಅಮ್ಮ ಪ್ರೀತಿಯಿಂದಲೇ ಆ ಬಟ್ಟೆ ತುರುಕಿದ್ದಳು. ಸಾಯುವ ತನಕ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡಿದಳು.

ಹೀಗಿರುವಾಗ ಅಳಿಯ ಟ್ರೇಲರ್ ಮನೆ ಕೊಂಡು ತಂದ. ಅವನದು ಗಾಳಿಯಿಂದ ಕರೆಂಟು ತೆಗೆಯುವ ಎತ್ತರದ ಕಂಬಗಳನ್ನು ರಿಪೇರಿ ಮಾಡುವ ಕೆಲಸ. ಒಂದು ಗುಡ್ಡದಲ್ಲಿ ಮುಗಿಯಿತು ಅನ್ನುವಾಗ ಇನ್ನೊಂದು ಗುಡ್ಡ. ಹೆಂಡತಿ ಮಗುವನ್ನು ಬಿಟ್ಟು ಬಿಟ್ಟು ಹೋಗಿ ಸಾಕಾಗಿ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಹಳೆಯ ಟ್ರೇಲರೊಂದನ್ನು ತಂದು ಅತ್ತೆಯ ಮನೆಯ ಮುಂದೆಯೇ ನಿಲ್ಲಿಸಿದ. ಮಗಳಿಗೆ ಹಿಗ್ಗೋ ಹಿಗ್ಗು. ಇನ್ನೂ ವರ್ಷ ತುಂಬದ ಮೊಮ್ಮಗಳು ಪುಟ್ಟಿ ಒಳಗೆಲ್ಲ ಅಂಬೆಗಾಲಿಟ್ಟು ಒಂದೇ ಸುತ್ತಿನಲ್ಲಿ ಮನೆ ನೋಡಿ ಮುಗಿಸಿದಳು.

ಕವರಮ್ಮ ಮೆಟ್ಟಿಲು ಹತ್ತಿ ಒಳಗೆ ಇಣುಕಿದಳು. ಒಂದು ತುದಿಗೆ ಹಾಸಿಗೆ, ಇನ್ನೊಂದು ತುದಿಗೆ ಎರಡು ಬರ್ನರಿನ ಒಲೆ. ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಹಾಸಿಗೆ ಹತ್ತಬೇಕು. ಸಿಲಿಂಡರು ಮುಂದಿನ ಪೆಟ್ಟಿಗೆಯಲ್ಲಿ. ಕಿಟಕಿಗಳಿಗೆ ರಬ್ಬರು ಪಟ್ಟಿ, ಒತ್ತಿ ಹಾಕಿದರೆ ಇರುವೆಯೂ ನುಸುಳದು.

"ಇದು ಮನೆಯಲ್ಲ, ಡಬ್ಬಿ," ಎಂದಳು. "ಅಲಾರಂ ಹಾಕಿಸದೆ ನನ್ನ ಮೊಮ್ಮಗಳು ಇದರಲ್ಲಿ ಮಲಗೋ ಹಾಗಿಲ್ಲ. ಗ್ಯಾಸಿಗೊಂದು, ಆ ಕಾಣದ ಗಾಳಿಗೊಂದು."

"ಕಾರ್ಬನ್ ಮೊನಾಕ್ಸೈಡ್ ಅತ್ತೆ," ಎಂದ ಅಳಿಯ.

"ಅದರ ಹೆಸರು ಕಟ್ಟಿಕೊಂಡು ನನಗೇನಾಗಬೇಕು? ಅದು ನಮ್ಮ ಮನೆಗೆ ಬಂದು ಹೋಗಿದೆ."

ಅಳಿಯ ಎರಡನ್ನೂ ತಂದ. ಕೂರಿಸುವ ದಿನ ಅವನು ಡ್ರಿಲ್ ಹಿಡಿದರೆ ಕವರಮ್ಮ ಟಾರ್ಚು ಹಿಡಿದಳು, ಮಾವ ಬಾಗಿಲಲ್ಲಿ ನಿಂತು ಸಲಹೆ ಕೊಟ್ಟ. ಎರಡನ್ನೂ ಮೇಲೆ ಚಾವಣಿಗೆ ಹೊಡೆದುಬಿಡು, ಮಗುವಿನ ಕೈಗೆ ಸಿಗಲ್ಲ ಎನ್ನುವುದು ಅವನ ವಾದ. "ಹಾಗಲ್ಲ ಮಾವ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತೆ," ಎಂದು ಅಳಿಯ ಗ್ಯಾಸಿನದನ್ನು ಒಲೆಯ ಕೆಳಗೆ, ನೆಲದಿಂದ ಗೇಣಿನಷ್ಟು ಮೇಲೆ ಕೂರಿಸಿ, ಟ್ರೇಲರಿನ ಬ್ಯಾಟರಿಯಿಂದ ವೈರು ಎಳೆದ. ಸೆಲ್ಲು ಹಾಕುವ ಇನ್ನೊಂದನ್ನು ಹಾಸಿಗೆಯ ಪಕ್ಕ, ಮಲಗಿದವರ ಮುಖದ ಮಟ್ಟಕ್ಕೆ ಗೋಡೆಗೆ ಬಿಗಿದ. "ಇದು ಉಸಿರಾಡೋ ಕಡೆ ಇರಬೇಕು," ಎಂದ.

ಉರಿ ಹತ್ತಿಸದೆ ಲೈಟರಿನ ಗ್ಯಾಸನ್ನು ಮಾತ್ರ ಕೆಳಗಿನದರ ಬಳಿ ಬಿಟ್ಟಾಗ ಅದು ಬೊಬ್ಬೆ ಹೊಡೆಯಿತು. ಮೇಲಿನದರ ಗುಂಡಿ ಒತ್ತಿದಾಗ ಅದು ಇನ್ನೂ ಜೋರು. ಪುಟ್ಟಿ ಬೆಚ್ಚಿಬಿದ್ದು ಕಿಟಾರನೆ ಕಿರುಚಿ ಅಳತೊಡಗಿದಳು. ಮೊಮ್ಮಗಳ ಅಳು ಕವರಮ್ಮನಿಗೆ ಎಂದೂ ಸಹಿಸಲಾಗದು. ಮಗುವನ್ನು ಕಸಿದುಕೊಂಡು, "ಆಯ್ತು ಆಯ್ತು ನನ್ನ ಬಂಗಾರ, ಇನ್ನಿಲ್ಲ," ಎಂದು ಬೀದಿಯ ತುದಿಯವರೆಗೂ ಓಡಿದಳು. ಓಡುವಾಗ ಅವಳ ಮುಖದಲ್ಲಿ ನಗು. ಎಷ್ಟೋ ವರ್ಷಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸ್ವಲ್ಪ ಸರಿದಿತ್ತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ನೆಲ ಒರೆಸುವಾಗ ಕೆಳಗಿನದಕ್ಕೆ ನೀರು ಸಿಡಿಯುತ್ತೆ, ಪುಟ್ಟಿ ಅದನ್ನು ನೆಕ್ಕುತ್ತಾಳೆ, ಮೇಲಿನದರ ದೀಪ ಮಿಣುಕಿ ಮಗುವಿನ ನಿದ್ದೆ ಕೆಡಿಸುತ್ತೆ ಎಂದು ಮಗಳು ಸುಮ್ಮನೆ ಒಂದು ಮಾತು ಆಡಿದ್ದೇ ತಡ, ಕವರಮ್ಮನ ಕಣ್ಣು ಮಿನುಗಿತು. ಅವರು ಗುಡ್ಡಕ್ಕೆ ಹೊರಡುವ ಹಿಂದಿನ ದಿನ ಒಳ್ಳೆಯ ನೀಲಿ ರೆಕ್ಸಿನ್ ಆರಿಸಿ, ಒಳಗೆ ಸ್ಪಂಜು ಕೊಟ್ಟು, ಅಂಚಿಗೆ ಎಲಾಸ್ಟಿಕ್ಕು ಎಳೆದು ಎರಡು ಅಂಗಿ ಹೊಲಿದಳು. ಗೋಡೆಗೆ ಬಿಗಿಯಾಗಿ ಕೂರಲೆಂದು ಸುತ್ತ ವೆಲ್ಕ್ರೋದ ಅಂಟುಪಟ್ಟಿ. ಮೇಲಿನದರ ಮೇಲೆ ಹಳದಿ ದಾರದಲ್ಲಿ ಒಂದು ಬಾತುಕೋಳಿ ಬೇರೆ. ಎಂದಿನಂತೆ ಊದಿಯೂ ನೋಡಿದಳು. ಉಸಿರು ದಾಟಲಿಲ್ಲ. ಭೇಷ್ ಎಂದುಕೊಂಡಳು.

ಬೆಳಿಗ್ಗೆ ಅಳಿಯ ನೋಡಿ ತಲೆ ಕೆರೆದುಕೊಂಡ. "ಅತ್ತೆ, ಇದಕ್ಕೂ ಅಂಗಿ ತೊಡಿಸಿಬಿಟ್ರಾ?"

"ಗುಂಡಿ ಒತ್ತಿ ನೋಡಿ. ಕೂಗ್ದೇ ಇದ್ರೆ ಕೇಳಿ."

ಅಂಗಿಯ ಮೇಲಿಂದಲೇ ಒತ್ತಿದ. ಕೂಗಿತು, ಕಂಬಳಿಯೊಳಗಿಂದ ಕೂಗಿದ ಹಾಗೆ. ಪುಟ್ಟಿ ಅದಕ್ಕೂ ಅತ್ತಳು. ಇದು ಸರಿಯಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಆದರೆ ಅತ್ತೆಯ ಕಣ್ಣಲ್ಲಿ ಆ ಸಂಭ್ರಮ, ಆ ಬಾತುಕೋಳಿ. ಮುಖದ ಮೇಲೆ ಹೊಡೆದ ಹಾಗೆ ಕಿತ್ತು ಕೊಡುವುದು ಹೇಗೆ? ದಾರಿಯಲ್ಲಿ ತೆಗೆದರಾಯಿತು ಎಂದುಕೊಂಡ. ದಾರಿಯಲ್ಲಿ ಟೈರು ಪಂಕ್ಚರಾಯಿತು, ಗುಡ್ಡ ತಲುಪಿದ ಕೂಡಲೇ ಕೆಲಸಕ್ಕೆ ಕರೆ ಬಂತು, ಮರೆತ.

ಮಗಳಿಗೆ ದಿನಾ ಬೆಳಿಗ್ಗೆ ಗುಂಡಿ ಒತ್ತಿ ಫೋನ್ ಮಾಡುವ ಆಜ್ಞೆಯಾಗಿತ್ತು. "ಕೂಗ್ತಾ?" "ಕೂಗ್ತು." "ಪುಟ್ಟಿ ಅತ್ತಳಾ?" "ಅತ್ತಳಮ್ಮ, ದಿನಾ ಅಳ್ತಾಳೆ." ಇಷ್ಟಾದರೆ ಕವರಮ್ಮ ನೆಮ್ಮದಿಯಿಂದ ಯಂತ್ರ ತುಳಿಯುತ್ತಿದ್ದಳು.

ಒಂದು ಮಧ್ಯಾಹ್ನ ಕ್ಷೌರದಂಗಡಿಯವನು ತನ್ನ ತಿರುಗುವ ಕುರ್ಚಿಗೆ ಕವರು ಕೇಳಿಕೊಂಡು ಬಂದ. ಕವರಮ್ಮ ರೆಕ್ಸಿನ್ ಬಾಯಿಗೆ ಒತ್ತಿ ಊದಿದಳು, ಅವನು ಆಚೆ ಕೈ ಹಿಡಿದ. ಅಷ್ಟರಲ್ಲಿ ಫೋನು.

"ಅಮ್ಮಾ, ಪುಟ್ಟಿ ಯಾಕೋ ಮಂಕಾಗಿದಾಳೆ." ಮಗಳ ದನಿಯೇ ಮಂಕಾಗಿತ್ತು. "ಹಾಲು ಕುಡೀಲಿಲ್ಲ. ಬರೀ ನಿದ್ದೆ. ನನಗೂ ತಲೆ ಸಿಡೀತಿದೆ, ವಾಕರಿಕೆ."

"ಏನು ತಿಂದೆ? ತಲೆಗೆ ನೀರು ಹಾಕ್ಕೊಂಡ್ಯಾ?"

"ಏನೂ ಇಲ್ಲ. ಇಲ್ಲಿ ಬೆಳಗಿನಿಂದ ಮಳೆ, ಕೊರೆಯೋ ಚಳಿ. ಇವರು ಕಂಬದ ಹತ್ರ ಹೋಗಿದಾರೆ. ಕಿಟಕಿ ಎಲ್ಲ ಹಾಕಿ ಒಲೆಯ ಎರಡೂ ಬರ್ನರು ಹಚ್ಚಿಟ್ಟಿದೀನಿ, ಬೆಚ್ಚಗಿರ್ಲಿ ಅಂತ. ಮಗು ಬಟ್ಟೆನೂ ಒಣಗುತ್ತೆ."

ಕವರಮ್ಮ ಎದ್ದು ನಿಂತಳು. "ಅಲಾರಂ?"

"ಅದು ಸುಮ್ಮನೆ ಇದೆಯಮ್ಮ. ಬೆಳಿಗ್ಗೆ ಒತ್ತಿದಾಗ ಕೂಗ್ತಲ್ಲ. ಏನಾದ್ರೂ ಆಗಿದ್ರೆ ಅದು ಕೂಗ್ತಿರ್ಲಿಲ್ವಾ?"

ಕವರಮ್ಮ ತನ್ನ ಕೈ ನೋಡಿಕೊಂಡಳು. ರೆಕ್ಸಿನ್ ಇನ್ನೂ ಕೈಯಲ್ಲೇ ಇತ್ತು, ತುಟಿ ತಾಗಿದ ಕಡೆ ಒದ್ದೆ. ಕ್ಷೌರದಂಗಡಿಯವನು ಇನ್ನೂ ಪಾಪ ಗಾಳಿ ಬರುತ್ತದೇನೋ ಎಂದು ಅಂಗೈ ಚಾಚಿಕೊಂಡೇ ನಿಂತಿದ್ದ.

ಉಸಿರೇ ದಾಟಲ್ಲ. ಗುಂಡಿ ಒತ್ತಿದರೆ ಅದರ ಗಂಟಲು ನೆಟ್ಟಗಿದೆ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಮೂಗನ್ನು ಕಟ್ಟಿದವಳು ಅವಳೇ, ಅಮ್ಮ ಕಿಟಕಿಯ ಸಂದಿಗೆ ಬಟ್ಟೆ ತುರುಕಿದ ಹಾಗೆ, ಅಷ್ಟೇ ಪ್ರೀತಿಯಿಂದ.

"ಮಗೂನ ಎತ್ಕೊಂಡು ಹೊರಗೆ ಹೋಗು. ಈಗಲೇ."

"ಮಳೆ ಅಮ್ಮ..."

"ನೆನೀಲಿ! ಹೋಗೇ!"

"ಎದ್ದು ನಿಲ್ಲೋಕೇ ಆಗ್ತಿಲ್ಲ. ಸ್ವಲ್ಪ ಮಲಗಿ ಎದ್ದು ಹೋಗ್ತೀನಿ. ನೀನು ಸುಮ್ನೆ ಗಾಬರಿ ಮಾಡ್ತೀಯ, ಅಲಾರಂ ಕೂಗ್ತಾನೇ ಇಲ್ಲ..."

ಮಲಗಿ ಎದ್ದು. ಅಕ್ಕನೂ ಹೀಗೇ ಮಲಗಿದ್ದಳು. ಇಲ್ಲಿಂದ ಓಡಿದರೆ ಆ ಗುಡ್ಡ ಯಾವ ಕಾಲಕ್ಕೆ ಸಿಗಬೇಕು? ಬೈದರೆ ಮಗಳು ಫೋನ್ ಇಟ್ಟುಬಿಟ್ಟಾಳು. ಇಟ್ಟರೆ ಮುಗಿಯಿತು. ಕವರಮ್ಮ ದನಿಯನ್ನು ಹಿಡಿದು ಹಿಡಿದು ತಗ್ಗಿಸಿದಳು.

"ಸರಿ ಕಣೇ, ನಾನೇ ಹುಚ್ಚಿ. ನೀನು ಏಳಬೇಡ. ತಲೆ ಹತ್ರ ಬಾತುಕೋಳಿ ಇದೆಯಲ್ಲ, ಅದನ್ನ ಕಿತ್ತುಬಿಡು. ಅಮ್ಮನ ಸಮಾಧಾನಕ್ಕೆ. ಕಿತ್ತು, ಅದು ಕೂಗಲಿಲ್ಲ ಅಂದ್ರೆ ಮಲಕ್ಕೋ."

ಅಂಟುಪಟ್ಟಿ ಪರ್ರನೆ ಬಿಟ್ಟ ಸದ್ದು ಕೇಳಿಸಿತು. ಬಿಗಿಯಾಗಿರಲೆಂದು ಎರಡೆರಡು ಸಾಲು ಹೊಲಿದಿದ್ದಳು.

"ಕಿತ್ತೆ. ನೋಡು, ಸುಮ್ಮನಿದೆ."

"ಇರು. ಫೋನ್ ಇಡಬೇಡ. ಮಾತಾಡ್ತಾ ಇರು. ಪುಟ್ಟಿ ಯಾವ ಅಂಗಿ ಹಾಕಿದಾಳೆ?"

"ಕೆಂಪು... ನೀನು ಹೊಲಿದಿದ್ದು."

"ಕೆನ್ನೆ ಹೇಗಿದೆ?"

"ಕೆಂಪಗೆ ಮುದ್ದಾಗಿದಾಳೆ ಅಮ್ಮ." ದನಿ ದೂರ ಹೋಗುತ್ತಿತ್ತು.

ಕವರಮ್ಮ ಮಗಳ ಹೆಸರು ಹಿಡಿದು ಕರೆದಳು, ಬೈದಳು, ಬೇಡಿಕೊಂಡಳು. ಆ ಕಡೆಯಿಂದ ಮಳೆಯ ಸದ್ದು ಮಾತ್ರ. ಕ್ಷೌರದಂಗಡಿಯವನು ಏನೂ ತಿಳಿಯದೆ ನೀರಿನ ಲೋಟ ಹಿಡಿದು ನಿಂತಿದ್ದ. ಮಳೆ. ಮಳೆ. ಆಮೇಲೆ ಫೋನಿನೊಳಗಿಂದ ಬೊಬ್ಬೆ ಎದ್ದಿತು. ಅಂಗಿ ಕಳಚಿದ ಅಲಾರಂ ಕೊನೆಗೂ ಉಸಿರೆಳೆದುಕೊಂಡು, ಕಿವಿ ಹರಿಯುವ ಹಾಗೆ ಕೂಗುತ್ತಿತ್ತು.

"ಅಮ್ಮಾ!" ಮಗಳ ದನಿಯಲ್ಲಿ ಈಗ ಎಚ್ಚರವಿತ್ತು. ಏನೋ ಉರುಳಿತು. ಬಾಗಿಲ ಚಿಲಕದ ಸದ್ದು, ಧೊಪ್ಪನೆ ಯಾರೋ ಮೊಣಕಾಲೂರಿದ ಸದ್ದು. ಕವರಮ್ಮ ಅದ್ಯಾವುದನ್ನೂ ಕೇಳುತ್ತಿರಲಿಲ್ಲ. ಅವಳು ಬೇರೊಂದು ಸದ್ದಿಗಾಗಿ ಕಿವಿ ಒತ್ತಿ ಹಿಡಿದಿದ್ದಳು. ದಿನಾ ಈ ಅಲಾರಂ ಚೀರಿದ ಕೂಡಲೇ ಚೀರುತ್ತಿದ್ದ ಮಗು ಇಂದು ಚೀರಲಿಲ್ಲ. ಅಲಾರಂ ಕೂಗಿತು, ಕೂಗಿತು, ಕೂಗುತ್ತಲೇ ಹೋಯಿತು. ಪುಟ್ಟಿ ಸುಮ್ಮನಿದ್ದಳು.

ಅಲಾರಮ್ಮಿನ ಸದ್ದು ಹಿಂದೆ ಸರಿದು ಮಳೆಯ ಸದ್ದು ದೊಡ್ಡದಾಯಿತು. ಪಕ್ಕದಲ್ಲೇ ಬೀಡುಬಿಟ್ಟಿದ್ದ ಇನ್ನೊಂದು ಟ್ರೇಲರಿನ ಡ್ರೈವರು ಓಡಿ ಬಂದು ಏನಾಯ್ತಮ್ಮ ಎಂದು ಕೇಳುತ್ತಿದ್ದ. ಮಗಳು ತೊದಲುತ್ತ ಮಗುವಿನ ಹೆಸರು ಕರೆಯುತ್ತಿದ್ದಳು.

"ಮುಖಕ್ಕೆ ಮಳೆ ಬೀಳಲಿ," ಕವರಮ್ಮ ಕಿರುಚಿದಳು. "ಸೆರಗು ಮುಚ್ಚಬೇಡ! ಏನೂ ಮುಚ್ಚಬೇಡ!"

ಮೊದಲು ಒಂದು ಕೆಮ್ಮು. ಸಣ್ಣದು, ಬೆಕ್ಕಿನ ಮರಿ ಕೆಮ್ಮಿದ ಹಾಗೆ. ಮತ್ತೊಂದು. ಆಮೇಲೆ ತಣ್ಣೀರು ಮೈಮೇಲೆ ಬಿದ್ದ ಸಿಟ್ಟಿನಲ್ಲಿ ಪುಟ್ಟಿ ಗಂಟಲು ಬಿರಿಯುವ ಹಾಗೆ ಅಳತೊಡಗಿದಳು.

ಕವರಮ್ಮ ನೆಲದ ಮೇಲೆ ಕೂತಳು. ಡ್ರೈವರು ಗಾಡಿ ತೆಗೆದು ಆಸ್ಪತ್ರೆಗೆ ಹೊರಡಿಸುತ್ತಿದ್ದ. ಫೋನಿನಲ್ಲಿ ಮಗಳು ತಾನೂ ಅಳುತ್ತ, "ಇಲ್ಲ ಪುಟ್ಟಿ, ಇಲ್ಲ ಬಂಗಾರ, ಸುಮ್ಮನಿರು," ಎಂದು ರಮಿಸುತ್ತಿದ್ದಳು.

"ಸಮಾಧಾನ ಮಾಡಬೇಡವೇ," ಎಂದಳು ಕವರಮ್ಮ. "ಆಸ್ಪತ್ರೆ ಬರೋ ತನಕ ಅಳಲಿ ಬಿಡು. ಫೋನು ಅವಳ ಬಾಯಿ ಹತ್ರಾನೇ ಹಿಡ್ಕೋ."