ಬೆಂಕಿಗೆ ಎದುರು ಬೆಂಕಿ ಹಚ್ಚಿದ ಭರಮಪ್ಪ

ಇವತ್ತೊಂದು ದಿನ ಯಾರೂ ಅಪ್ಪನನ್ನು ಆ ಹೆಸರಿನಿಂದ ಕರೆಯದಿದ್ದರೆ ಸಾಕು. ಬುತ್ತಿ ಹಿಡಿದು ಗುಡ್ಡ ಹತ್ತುವಾಗ ಸಮತಾ ತನ್ನೊಳಗೇ ಅಂದುಕೊಳ್ಳುತ್ತಾಳೆ. ಬಿ.ಎ. ಮುಗಿಸಿದವಳು, ಆದರೂ ನಾಲ್ಕು ಜನರೆದುರು ಮಾತಾಡಲು ಅಳುಕು.

ತಡಸದಾಚೆಯ ಈ ಗುಡ್ಡದಲ್ಲಿ ಇನ್ನೂ ನಸುಕು. ಅವಳಪ್ಪ ಭರಮಪ್ಪ ಆಗಲೇ ಬೆವೆತಿದ್ದಾರೆ. ಅವರು ಕುಡಗೋಲಿನಿಂದ ಒಣಹುಲ್ಲು ಸವರುತ್ತ ಮುಂದೆ, ತರಗೆಲೆ ಗುಡಿಸುತ್ತ ಜೊತೆಗಾರ ಕೊಟ್ರೇಶ ಹಿಂದೆ. ಅವರು ಹಾದಲ್ಲೆಲ್ಲ ಬರಿ ಮಣ್ಣಿನ ಪಟ್ಟಿಯೊಂದು ಉಳಿಯುತ್ತದೆ. ಕಾಳ್ಗಿಚ್ಚು ಬಂದರೆ ಅಲ್ಲಿ ಅದಕ್ಕೆ ತಿನ್ನಲು ಏನೂ ಸಿಗಬಾರದು. ಇಬ್ಬರೂ ಅರಣ್ಯ ಇಲಾಖೆಯ ದಿನಗೂಲಿ ಬೆಂಕಿ ಕಾವಲುಗಾರರು. ಸಂಕ್ರಾಂತಿ ಕಳೆದ ಮೇಲೆ ಕೆಲಸ, ಮಳೆ ಹಿಡಿದರೆ ಮನೆ.

"ಪೈಪಿಲ್ಲ, ನೀರಿಲ್ಲ. ಹಸಿ ಟೊಂಗಿನೇ ನಮ್ಮ ಫಾಯರ್ ಗಾಡಿರಿ," ಎಂದು ಕೊಟ್ರೇಶ ಕೆಲಸ ನೋಡಲು ಬಂದ ನಮ್ಮತ್ತ ತಿರುಗಿ ನಗುತ್ತಾರೆ. "ಉರಿ ಬಡದು ಬಡದು ಹುಬ್ಬ ಸುಟ್ಟು ಹೋಗ್ಯಾವು. ಕಾಡಿಗಿಲೆ ಬರಕೋ ಅಂತಾಳ ನನ್ನ ಹೆಣ್ತಿ!"

ಭರಮಪ್ಪ ನಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಮೇಲಿನ ಹೊಲದ ಗೋವಿನಜೋಳದ ಒಣ ದಂಟು-ರವದಿಗೆ ಯಾರೋ ಇಟ್ಟ ಬೆಂಕಿ ಗುಡ್ಡಕ್ಕೆ ದಾಟಿತ್ತು. ಗಾಳಿ ಊರಿನತ್ತ ಬೀಸುತ್ತಿತ್ತು. ಅಗ್ನಿಶಾಮಕ ವಾಹನ ಸವಣೂರಿನ ಕಡೆ ಇನ್ನೊಂದು ಬೆಂಕಿಗೆ ಹೋಗಿತ್ತು. ಟೊಂಗೆಯ ಹೊಡೆತಕ್ಕೆ ಬಗ್ಗುವ ಉರಿ ಅದಲ್ಲ. ಉಳಿದದ್ದು ಒಂದೇ ದಾರಿ: ಊರಂಚಿನ ಗಾಡಿದಾರಿಯಿಂದ ಎದುರು ಬೆಂಕಿ ಹಚ್ಚಿ, ದೊಡ್ಡ ಉರಿ ಬರುವುದರೊಳಗೆ ನಡುವಿನ ಹುಲ್ಲನ್ನೆಲ್ಲ ಸುಟ್ಟುಬಿಡುವುದು. ಆ ನಡುವೆಯೇ ಇತ್ತು ಊರಿನ ರೈತ ಮಹಿಳೆ ಹಾಲವ್ವನ ಜೋಳದ ಕಣಕಿ ಬಣವಿ, ಅವಳ ದನಗಳಿಗೆ ಬೇಸಿಗೆ ಪೂರ್ತಿಯ ಮೇವು.

"ಆಕಿ ಸೆರಗೊಡ್ಡಿ ನಿಂತಿದ್ಲು. 'ಬ್ಯಾಡೋ ಯಪ್ಪಾ, ನನ್ನ ದನ ಏನ್ ತಿನ್ನಬೇಕೋ' ಅಂದ್ಲು. ಬಣವಿ ಕಿತ್ತು ಒಯ್ಯಾಕ ಹೊತ್ತಿರಲಿಲ್ರಿ. ಹಚ್ಚಿಬಿಟ್ಟೆ." ಭರಮಪ್ಪ ಕುಡಗೋಲನ್ನು ಹುಲ್ಲಿಗೆ ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. "ಊರು ಉಳೀತು. ಆಕಿ ಎತ್ತು ಮಾರಿದ್ಲು. ಈಗೂ ಆಕಿ ಮನಿ ಮುಂದ ಹಾಯಾಕ ನನಗ ಕಾಲ ಏಳೂದಿಲ್ಲ."

ಉಳಿದ ಊರಿಗೆ ನೆನಪಿರುವುದು ಅವರ ಕೈಯಲ್ಲಿದ್ದ ಕೊಳ್ಳಿ ಮಾತ್ರ. ಅಂದಿನಿಂದ ಅವರು 'ಕೊಳ್ಳಿ ಭರಮಪ್ಪ'. ಶಾಲು, ಸನ್ಮಾನದ ಆಸೆ ಅವರಿಗಿಲ್ಲ. "ಬರೇ ಭರಮಪ್ಪ ಅಂದ್ರ ಸಾಕ್ರಿ. ನಮ್ಮವ್ವ ಇಟ್ಟ ಹೆಸರು."

ಬಿಸಿಲೇರುವ ಮೊದಲು ಎಲ್ಲರೂ ಕೆಳಗಿಳಿಯುತ್ತಾರೆ. ಗಾಡಿದಾರಿಯ ಪಕ್ಕದಲ್ಲೇ ಕರಬಸಪ್ಪನ ಚಾದಂಗಡಿ.

"ಏನೋ ಕೊಳ್ಳಿ, ಒಲಿ ಹತ್ತವಲ್ದು. ಒಂದ್ಸಲ ಕೈ ಹಚ್ಚಿ ಹೋಗೋ!"

ಬೆಂಚಿನ ಮೇಲಿದ್ದವರು ನಗುತ್ತಾರೆ. ದಿನದಂತೆ ಭರಮಪ್ಪನೂ ನಗುತ್ತಾರೆ. ಆ ನಗುವನ್ನೇ ಸಮತಾಗೆ ನೋಡಲಾಗುವುದಿಲ್ಲ.

"ಕಾಕಾ..." ಯಾರೂ ತಿರುಗಿ ನೋಡುವುದಿಲ್ಲ. ಅಪ್ಪನನ್ನು ದಾಟಿ ಅಂಗಡಿಯ ಮುಂದೆ ಬಂದು ಮತ್ತೆ ಶುರು ಮಾಡುತ್ತಾಳೆ.

"ಹೌದ್ರಿ ಕಾಕಾ, ಹಾಲವ್ವನ ಬಣವಿ ನಮ್ಮಪ್ಪನೇ ಸುಟ್ಟಾನ. ಅದಕ್ಕ ನಿಮ್ಮ ಅಂಗಡಿ ಇನ್ನೂ ಐತಿ."